ಮೊದಲ ಲಾರಿಗೇ ನಿಲ್ಲುವ ಸಾಫ್ಟ್‌ವೇರ್

ರಾಯಚೂರಿನ ನನ್ನ ಸಾಫ್ಟ್‌ವೇರ್ ಅಂಗಡಿಯಲ್ಲಿ ದೋಷ ಹುಡುಕುವವಳು ದೇವದುರ್ಗದ ಅಯ್ಯಮ್ಮ. ಕಂಪ್ಯೂಟರ್ ಮುಟ್ಟುವ ಮೊದಲು ಅದನ್ನು ಬಳಸುವವರ ಪಕ್ಕದಲ್ಲಿ ಸುಮ್ಮನೆ ಕೂತು ನೋಡುವುದು ಅವಳ ಪದ್ಧತಿ. ನನಗದು ಕಾಲಹರಣ ಅನಿಸುತ್ತಿತ್ತು.

ಮಾನ್ವಿಯ ಒಂದು ರೈಸ್ ಮಿಲ್ಲಿಗೆ ಭತ್ತದ ಲಾರಿಗಳ ತೂಕ ದಾಖಲಿಸುವ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಅದು ದಿನಾ ಮುಂಜಾನೆ ಮೊದಲ ಲಾರಿಗೇ ನಿಂತುಬಿಡುತ್ತಿತ್ತು. ಬಂದ್ ಮಾಡಿ ಮತ್ತೆ ತೆರೆದರೆ ಸಂಜೆಯವರೆಗೆ ತಕರಾರಿಲ್ಲ. ಎರಡು ಸಲ ಮಧ್ಯಾಹ್ನ ಹೋಗಿ ನೋಡಿ, ಕಂಪ್ಯೂಟರೇ ಹಳೆಯದೆಂದು ಬೈದು ಬಂದಿದ್ದೆ.

ಅಯ್ಯಮ್ಮ ಮೊದಲ ಬಸ್ಸಿಗೇ ಹೋಗಿ ಮಿಲ್ಲಿನ ಗುಮಾಸ್ತ ಜಗನ್ನಾಥರಾಯರ ಪಕ್ಕ ಕುಳಿತಳು.

"ನಾ ಏನೂ ಮಾಡಂಗಿಲ್ಲವ್ವಾ, ತಂತಾನೇ ನಿಂದ್ರತದ," ಎಂದರು ರಾಯರು.

ಮೊದಲ ಲಾರಿ ಬಂತು. ರಾಯರು ಕೈಮುಗಿದು, ಲಾರಿ ನಂಬರಿನ ಜಾಗದಲ್ಲಿ 'ಶ್ರೀ' ಎಂದು ಬರೆದು ಗುಂಡಿ ಒತ್ತಿದರು. ಸಾಫ್ಟ್‌ವೇರ್ ನಿಂತಿತು. ಅಲ್ಲಿ ಕನ್ನಡ ಅಕ್ಷರ ಬಂದೀತೆಂದು ನಾನು ಯೋಚಿಸಿರಲಿಲ್ಲ. ದಿನದ ಮೊದಲ ಬರಹಕ್ಕೆ ಹಾಕುವ ಶ್ರೀಕಾರವನ್ನು ರಾಯರು ಹೇಳಬೇಕಾದ ಸಂಗತಿ ಎಂದುಕೊಂಡಿರಲಿಲ್ಲ.

ಸಂಜೆ ಅಯ್ಯಮ್ಮ ಬಂದು ಹೇಳಿದಾಗ ನನಗೆ ಸಿಟ್ಟು ಬಂತು. "ಅದನ್ನ ಬರೀಬ್ಯಾಡ್ರಿ ಅಂತ ಹೇಳಿ ಬರಬೇಕಿಲ್ಲೇನು?"

"ನಲವತ್ತು ವರ್ಷದ ರೂಢಿ ಅದ ಸರ. ಮ್ಯಾಲೆ ಒಂದು ಖಾಲಿ ಜಾಗ ಮಾಡಿಕೊಡ್ರಿ, ಅಲ್ಲಿ ಬರೀತಾರ."

ಬೈಯಲು ಬಾಯಿ ತೆರೆದೆ. ಆ ಸಾಫ್ಟ್‌ವೇರ್‌ಗೆಂದು ನಾನು ನಕ್ಷೆ ಗೀಚಿದ್ದ ನೋಟ್‌ಬುಕ್ಕನ್ನು ಅವಳು ಆಗಲೇ ನನ್ನ ಮುಂದೆ ತೆರೆದಿಟ್ಟಿದ್ದಳು. ಮೊದಲ ಪುಟದ ಮೇಲ್ತುದಿಯಲ್ಲಿ, ನನ್ನದೇ ಕೈಬರಹದಲ್ಲಿ, 'ಶ್ರೀ' ಎಂದಿತ್ತು.