ಒಂದೇ ಬೆಂಚು, ಒಂಬತ್ತು ಬಸ್ಸು

"ಬಾನೆಟ್ ಮೇಲೆ ಇಡ್ತಾರಾ ಮಾರಣ್ಣ ಐಸ್ ಡಬ್ಬಿನ? ಹೊಸನಗರ ದಾಟೋದ್ರೊಳಗೆ ಕಷಾಯ ಆಗಿರ್ತದೆ."

ಬಸ್ಸು ಆಗಲೇ ಚಲಿಸತೊಡಗಿದೆ. ಲಿಖಿತಾ ಒಂದು ಕಾಲು ಫುಟ್‌ಬೋರ್ಡಿನ ಮೇಲಿಟ್ಟು, ಇನ್ನೊಂದರಲ್ಲಿ ಕುಂಟುತ್ತ, ಎಂಜಿನ್ ಬಾನೆಟ್ ಮೇಲಿದ್ದ ಬಿಳಿ ಡಬ್ಬಿಯನ್ನು ಎಳೆದು ಮುಂದಿನ ಸೀಟಿನ ಕೆಳಗೆ ತಳ್ಳುತ್ತಾರೆ. ಒಳಗಿರುವುದು ಇನ್ಸುಲಿನ್, ಮಾಸ್ತಿಕಟ್ಟೆಯ ಒಬ್ಬ ಅಜ್ಜಿಗೆ. ಕಂಡಕ್ಟರ್ ಮಾರಪ್ಪ ತಲೆ ಕೆರೆದುಕೊಳ್ಳುತ್ತಾರೆ. ಲಿಖಿತಾ ಕೆಳಗೆ ಹಾರಿ, ಕಿವಿಯ ಹಿಂದಿನ ಪೆನ್ನು ತೆಗೆದು, ಪುಸ್ತಕದಲ್ಲಿ ಒಂದು ಗೆರೆ ಎಳೆಯುತ್ತಾರೆ. ಗಂಟೆ ಆರೂ ಹತ್ತು. ರಿಪ್ಪನ್‌ಪೇಟೆ ಇನ್ನೂ ಶಟರ್ ಎತ್ತಿಲ್ಲ.

ಮೂವತ್ತಮೂರರ ಲಿಖಿತಾ ಇಲ್ಲಿ ಒಂಬತ್ತು ಖಾಸಗಿ ಬಸ್ಸುಗಳ ಏಜೆಂಟ್. ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗದ ಕಡೆ ಹೋಗುವ ಪಾರ್ಸಲ್ಲುಗಳನ್ನು ಪಡೆದು, ಸರಿಯಾದ ಬಸ್ಸಿಗೆ ಹಾಕುವುದು ಅವರ ಕೆಲಸ. ದಿನಕ್ಕೆ ಎಪ್ಪತ್ತು ಪಾರ್ಸಲ್, ಮದುವೆ ಕಾಲದಲ್ಲಿ ನೂರು ದಾಟುತ್ತದೆ. ಟಿಲ್ಲರಿನ ಬೇರಿಂಗ್, ರಿಪೇರಿಯಾದ ಕನ್ನಡಕ, ಹುಂಚದ ಕಡೆಯ ಯಾರೋ ಮರೆತುಹೋದ ಚಾರ್ಜರ್, ಹಾಸ್ಟೆಲ್ ಮಗಳಿಗೆ ಹೊರಟ ಚಟ್ನಿಪುಡಿ. ಬಸ್ಸು ಬರುವ ತನಕ ಎಲ್ಲವೂ ಕಾಯುವುದು ಒಂದೇ ಮರದ ಬೆಂಚಿನ ಮೇಲೆ. ಯಾವುದು ಯಾವ ಬಸ್ಸಿನದು ಎಂಬುದು ಲಿಖಿತಾ ತಲೆಯಲ್ಲಿರುತ್ತದೆ.

ಬಸ್ಸಿಗೂ ಬಸ್ಸಿಗೂ ನಡುವೆ ಬಿಡುವು ಸಿಕ್ಕರೆ ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ, ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸುತ್ತಾರೆ. ಇನ್ನೊಂದು ಕಿವಿ ಹಾರ್ನಿಗೆ. ಪರದೆಯಲ್ಲಿ ಒಬ್ಬ ಮೇಡಂ ಕಂಪ್ಯೂಟರ್ ಪ್ರೋಗ್ರಾಮಿಂಗ್ ಹೇಳಿಕೊಡುತ್ತಿದ್ದಾರೆ. ಹನ್ನೊಂದು ನಿಮಿಷದ ಒಂದು ಪಾಠ ಮುಗಿಯಲು ಮೂರು ಬಸ್ಸು ಬೇಕು. ಏಳು ತಿಂಗಳಲ್ಲಿ ನಲವತ್ತು ಪಾಠವಾಗಿದೆ. ಈಗ ನಡೆಯುತ್ತಿರುವುದು ಕ್ಲಾಸ್ ಮತ್ತು ಆಬ್ಜೆಕ್ಟ್.

"ಆ ಮೇಡಂ ಬರೀ ನಾಯಿ ಬೆಕ್ಕಿನ ಉದಾಹರಣೆ ಕೊಡ್ತಾರೆ. ನಂಗೆ ತಲೆಗೇ ಹೋಗ್ಲಿಲ್ಲ. ಆಮೇಲೆ ನಾಯಿ ಇದ್ದಲ್ಲೆಲ್ಲ ಬಸ್ಸು ಹಾಕ್ಕೊಂಡೆ. ಬಸ್ಸು ಅನ್ನೋದು ಕ್ಲಾಸು. ಆರೂ ಹತ್ತರ ಮಾರಣ್ಣನ ಬಸ್ಸು ಆಬ್ಜೆಕ್ಟು. ಎಕ್ಸ್‌ಪ್ರೆಸ್ಸೂ ಬಸ್ಸೇ, ಎಲ್ಲಾ ಗುಣನೂ ಬಸ್ಸಿಂದೇ ಬಂದಿರ್ತದೆ, ಕೈ ತೋರ್ಸಿದ್ರೆ ಮಾತ್ರ ನಿಲ್ಲಲ್ಲ. ಅಷ್ಟೇ."

ಕೋಡನ್ನು ಮೊದಲು ಹಳೆಯ ಟ್ರಿಪ್ ಶೀಟಿನ ಹಿಂಬದಿಗೆ ಬರೆದು, ತಪ್ಪಿಲ್ಲವೆಂದು ಕಂಡ ಮೇಲೆ ಮೊಬೈಲಿಗೆ ಏರಿಸುತ್ತಾರೆ. ಕಂಡಕ್ಟರುಗಳಿಗೆ ಇದೊಂದು ತಮಾಷೆ. ಮೇಡಂ ಪಾಠದ ಬಸ್ಸಿಗೆ ಡೀಸೆಲ್ ಬೇಡವಂತೆ ಎಂದು ಮಾರಪ್ಪ ಹಂಗಿಸಿದರೆ, ಅದು ಹೊರಡುವ ಹೊತ್ತಿಗೆ ಕಂಡಕ್ಟರ್ ಟೀ ಅಂಗಡಿಯಲ್ಲಿ ಕೂತಿರುವುದೂ ಇಲ್ಲ ಎಂದು ಲಿಖಿತಾ ತಿರುಗಿಸಿ ಕೊಡುತ್ತಾರೆ.

ಈ ಬೆಂಚು ಅವರ ಅಪ್ಪ ಬೆಳ್ಳಪ್ಪನವರದು. ಪಿಯುಸಿಯಲ್ಲಿ ಲಿಖಿತಾ ತಾಲ್ಲೂಕಿಗೆ ಮೂರನೆಯವರಾದ ವರ್ಷ, ಶಿವಮೊಗ್ಗದ ಕಾಲೇಜೊಂದರಲ್ಲಿ ಬಿಸಿಎ ಸೀಟು ಸಿಕ್ಕಿತ್ತು. ಅಂಕಪಟ್ಟಿ ತಲುಪಿಸಲು ಅಂದೇ ಕೊನೆಯ ದಿನ. ಸ್ಟ್ಯಾಂಡಿಗೆ ಬಂದು ಅದನ್ನು ಪಡೆದುಕೊಳ್ಳಲು ಶಿವಮೊಗ್ಗದಲ್ಲಿ ಚಿಕ್ಕಮ್ಮ ಕಾದಿದ್ದರು. ಬೆಂಚಿನ ಮೇಲೆ ಅವತ್ತು ಎರಡು ಕಂದು ಕವರುಗಳಿದ್ದವು. ಶಿವಮೊಗ್ಗ ಬಸ್ಸಿಗೆ ಬೆಳ್ಳಪ್ಪ ಕೈಯಾರೆ ಹಾಕಿದ ಕವರನ್ನು ಚಿಕ್ಕಮ್ಮ ಒಡೆದಾಗ ಒಳಗಿದ್ದದ್ದು ಲಗ್ನಪತ್ರಿಕೆಗಳು. ಅಂಕಪಟ್ಟಿ ತೀರ್ಥಹಳ್ಳಿಯ ಮದುವೆ ಮನೆಗೆ ಹೋಗಿತ್ತು. ಮೂರು ದಿನದ ಮೇಲೆ ಅದು ಅರಿಶಿನದ ಬೆರಳಚ್ಚಿನೊಂದಿಗೆ ವಾಪಸು ಬಂತು.

ಅಪ್ಪನ ಕಣ್ಣು ಆಗಲೇ ಮಂಜಾಗುತ್ತಿತ್ತೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಿಳಾಸ ಓದಿ ಹೇಳಲು ಒಂದು ತಿಂಗಳ ಮಟ್ಟಿಗೆಂದು ಲಿಖಿತಾ ಬೆಂಚಿಗೆ ಬಂದರು. ಹದಿನೈದು ವರ್ಷವಾಯಿತು. ಬೆಳ್ಳಪ್ಪ ಈಗಲೂ ಬೆಳಿಗ್ಗೆ ಬಂದು ಪಕ್ಕದಲ್ಲಿ ಕೂರುತ್ತಾರೆ. ಹಾರ್ನ್ ಕೇಳಿಯೇ ಯಾವ ಬಸ್ಸೆಂದು ಹೇಳುತ್ತಾರೆ. ಆ ಕವರಿನ ಮಾತನ್ನು ಇಬ್ಬರೂ ಎತ್ತಿಲ್ಲ.

ಶಿವಮೊಗ್ಗ ಬಸ್ಸು ತಿರುವು ದಾಟುವ ತನಕ ಲಿಖಿತಾ ಅದನ್ನು ನೋಡುತ್ತಾರೆ. ಉಳಿದ ಎಂಟನ್ನು ಹಾಗೆ ನೋಡುವುದಿಲ್ಲ. "ಕೆಲ್ಸ ಸಿಗ್ಲಿ ಅಂತ ಕಲೀತಾ ಇಲ್ಲ," ಎನ್ನುತ್ತಾರೆ. "ಆ ಕಾಲೇಜಲ್ಲಿ ಏನು ಹೇಳ್ಕೊಡ್ತಿದ್ರು ಅಂತ ನೋಡ್ಬೇಕಿತ್ತು. ಒಂದಾದ್ರೂ ನನ್ ಕೈಯಾರೆ ಓಡಿಸ್ಬೇಕು."

ಓಡಿಸಬೇಕಾದದ್ದು ಪಾರ್ಸಲ್ಲುಗಳ ಒಂದು ಸಣ್ಣ ಪ್ರೋಗ್ರಾಮ್. ಬಸ್ಸಿನ ಹೆಸರು ಕೊಟ್ಟರೆ ಅದಕ್ಕೆ ಹೋಗಬೇಕಾದ ಸಾಮಾನಿನ ಪಟ್ಟಿ ಬರಬೇಕು. ಹನ್ನೆರಡು ದಿನದಿಂದ ಅದು ಹಟ ಹಿಡಿದಿದೆ. ಮಾಸ್ತಿಕಟ್ಟೆ ಬಸ್ಸಿಗೆ ಐಸ್ ಡಬ್ಬಿ ಸೇರಿಸಿದರೆ ಸಾಗರದ ಬಸ್ಸಲ್ಲೂ ಐಸ್ ಡಬ್ಬಿ, ತೀರ್ಥಹಳ್ಳಿಯದರಲ್ಲೂ ಐಸ್ ಡಬ್ಬಿ. ಇವತ್ತು ಬೆಳಿಗ್ಗೆ ಬೆಂಚು ಒರೆಸುವಾಗ ಕಾರಣ ಹೊಳೆದಿದೆ. ಪ್ರತಿ ಬಸ್ಸಿಗೂ ಬೇರೆ ಪಟ್ಟಿ ಇರಬೇಕಾದಲ್ಲಿ ಅವರು ಎಲ್ಲಕ್ಕೂ ಸೇರಿ ಒಂದೇ ಪಟ್ಟಿ ಬರೆದಿದ್ದಾರೆ. "ಬೆಂಚು ಒಂದೇ ಅಲ್ವಾ? ಕೈ ಹಂಗೇ ಬರ್ದುಬಿಟ್ಟಿದೆ," ಎಂದು ನಗುತ್ತಾರೆ. ಅದನ್ನು ಬಿಡಿಸಿ ಬರೆಯುವುದು ಹೇಗೆಂದು ಮಾತ್ರ ಇನ್ನೂ ತಿಳಿದಿಲ್ಲ. ಟ್ರಿಪ್ ಶೀಟಿನ ಮೇಲೆ ಗೆರೆ ಎಳೆದು ಹೊಡೆದುಹಾಕಿದ ನಾಲ್ಕು ಪ್ರಯತ್ನಗಳಿವೆ.

ಎಂಟೂ ನಲವತ್ತರ ಹೊಸನಗರ ಬಸ್ಸಿಗೆ ಶ್ರೀಕಾಂತ ಬರುತ್ತಾರೆ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವರು, ದಿನಾ ಇದೇ ಬಸ್ಸು. ಗೆರೆ ಬಿದ್ದ ಹಾಳೆಯನ್ನು ಬಗ್ಗಿ ನೋಡಿದವರ ಮುಖ ಅರಳುತ್ತದೆ. ಅವರು ಕೈ ಚಾಚುತ್ತಾರೆ.

"ಕೊಡಿ ಮೊಬೈಲು. ಒಂದೇ ಸಾಲು ಜಾಗ ಬದಲಾಯಿಸಿದ್ರೆ ಆಯ್ತು. ಅರ್ಧ ನಿಮಿಷದ ಕೆಲಸ."

ಪಕ್ಕದಲ್ಲಿ ಬೆಳ್ಳಪ್ಪ ತಲೆ ಎತ್ತುತ್ತಾರೆ. ಲಿಖಿತಾ ಕಣ್ಣು ಶ್ರೀಕಾಂತರ ಚಾಚಿದ ಕೈಯ ಮೇಲೆ ನಿಲ್ಲುತ್ತದೆ. ಇನ್ನೊಬ್ಬರ ಕೈಗೆ ಕೊಟ್ಟು ಕಾಯುವುದು ಹೇಗಿರುತ್ತದೆಂದು ಅವರಿಗೆ ಗೊತ್ತು. ಮೊಬೈಲನ್ನು ಬೋರಲು ಹಾಕುತ್ತಾರೆ.

"ಬಸ್ ಹತ್ತಿ ಸರ್, ಸೀಟ್ ಹೋಗ್ತದೆ."

ಶ್ರೀಕಾಂತ ಹತ್ತಿ, ಕಿಟಕಿಯಿಂದ ಬಗ್ಗುತ್ತಾರೆ. ಸಂಕೋಚ ಬೇಡ, ಹೊಸನಗರ ಮುಟ್ಟುವುದರೊಳಗೆ ಆ ಸಾಲನ್ನು ವಾಟ್ಸಾಪಿಗೆ ಹಾಕಿರುತ್ತೇನೆ ಎನ್ನುತ್ತಾರೆ.

"ಕಳಿಸ್ಬೇಡಿ," ಎಂದು ಲಿಖಿತಾ ಬಸ್ಸಿನ ಮೈಗೆ ಎರಡು ತಟ್ಟು ತಟ್ಟುತ್ತಾರೆ.