ಕಾಗೆಯ ಹಿಂಬದಿಯ ಹೆಸರು

ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ಹೊರಟ ಬೆಳಿಗ್ಗೆ ಶಿವಲಕ್ಷ್ಮಮ್ಮ ಗಂಡನ ಅಕ್ಕ ಗೌರಕ್ಕನನ್ನು ತಾನೇ ಒತ್ತಾಯ ಮಾಡಿ ಬಸ್ಸು ಹತ್ತಿಸಿದಳು. ವಾಂತಿ ಬಂದೀತೆಂದು ಕೈಗೊಂದು ನಿಂಬೆಹಣ್ಣನ್ನೂ ಕೊಟ್ಟಳು. ಎಪ್ಪತ್ತು ದಾಟಿದ ಶಿವಲಕ್ಷ್ಮಮ್ಮನಿಗೆ ಯಾರಿಂದಲೂ ಏನೂ ಬೇಕಿರಲಿಲ್ಲ. ಗೌರಕ್ಕನ ಬಾಯಿಂದ ‘ಸಿನಿಮಾದೋಳು’ ಎನ್ನುವ ಒಂದು ಚುಚ್ಚುಮಾತು ಹೋದರೆ ಸಾಕಿತ್ತು.

ತಂದೆ ತೀರಿಕೊಂಡ ಮೇಲೆ, ಹತ್ತೊಂಬತ್ತನೇ ವಯಸ್ಸಿಗೆ, ಆಕೆ ಹಿಂದೂಪುರ ಬಿಟ್ಟು ಮದ್ರಾಸಿನ ಸೋದರಮಾವನ ಮನೆ ಸೇರಿದ್ದಳು. ಅಲ್ಲಿ ಐದು ವರ್ಷ ಜಯಚಂದ್ರ ಎಂಬವರ ಕಾರ್ಟೂನ್ ಕಂಪನಿಯಲ್ಲಿ ದುಡಿದಳು. ಸೈಕಲ್ ತುಳಿಯುವ ಕಾಗೆಯೊಂದರ ಐದೈದು ನಿಮಿಷದ ಚಿತ್ರಗಳವು. ಟಾಕೀಸುಗಳಲ್ಲಿ ದೊಡ್ಡ ಸಿನಿಮಾಕ್ಕೆ ಮೊದಲು ಓಡುತ್ತಿದ್ದವು. ಗೆರೆ ಗಂಡಸರದು, ಬಣ್ಣ ಹೆಂಗಸರದು. ಗಾಜಿನಂಥ ಹಾಳೆಯ ಮುಂದುಗಡೆ ಗೆರೆ ಇರುತ್ತಿತ್ತು. ಹಾಳೆ ಮಗುಚಿ ಹಿಂದುಗಡೆಯಿಂದ ಬಣ್ಣ ತುಂಬಬೇಕು. ಮುಂದಿನಿಂದ ಕುಂಚದ ಗುರುತು ಕಂಡರೆ ಹಾಳೆ ವಾಪಸ್ಸು. ಕಾಗೆ ಒಂದು ಸುತ್ತು ಪೆಡಲ್ ತುಳಿಯಲು ಹನ್ನೆರಡು ಹಾಳೆ. ಚಿತ್ರ ಮುಗಿದರೆ ಅವನ್ನೆಲ್ಲ ತೊಳೆದು ಮತ್ತೆ ಬಳಸುತ್ತಿದ್ದರು. ತೊಳೆಯುವವರೂ ಹೆಂಗಸರೇ.

ಕೆಲಸ ಬಿಟ್ಟ ದಿನ ಆಕೆ ಒಂದು ಹಾಳೆ ಬೇಡಿ ಪಡೆದು, ಕಾಗೆಯ ಒಣಗಿದ ಕಪ್ಪಿನ ಮೇಲೆ, ಹಿಂಬದಿಯಲ್ಲಿ, ಬಿಳಿ ಬಣ್ಣದಿಂದ ತನ್ನ ಹೆಸರು ಬರೆದಳು. ಜಯಚಂದ್ರ ನಕ್ಕು ಅದರ ಕೆಳಗೆ ರುಜು ಹಾಕಿದರು. ಮದುವೆಯಾದಾಗ ತಾಯಿ ಅದನ್ನು ತವರಿನ ಟ್ರಂಕಿನಲ್ಲೇ ಅಡಗಿಸಿಟ್ಟಳು. “ಸಿನಿಮಾದ್ದು ಏನೂ ಅತ್ತೆ ಮನೆಗೆ ಒಯ್ಬೇಡ ಕಣಮ್ಮ” ಎಂದಳು. ಆದರೂ ಸುದ್ದಿ ಮುಟ್ಟಿತ್ತು.

“ಕಾಗೆಗೆ ಬಣ್ಣ ಬಳಿಯಾಕೆ ಮದ್ರಾಸ್‌ಗೆ ಹೋಗ್ಬೇಕಾ? ಅದು ಹುಟ್ಟಿದಾಗ್ಲಿಂದ ಕರ್ರಗೇ ಐತಲ್ಲ” ಎಂದು, ಬಣ್ಣದ ಕೆಲಸ ಬರೀ ನೆಪ ಎಂಬಂತೆ, ಗೌರಕ್ಕ ಕಂಡಕಂಡವರ ಮುಂದೆ ನಗುತ್ತಿದ್ದಳು. ಗಂಡ ಒಂದು ದಿನವೂ ನಗಲಿಲ್ಲ. ಹೌದಾ ಎಂದು ಕೇಳಲೂ ಇಲ್ಲ. ಹಾಗೇ ಸತ್ತ.

ಹೋದ ವರ್ಷ ಆಕೆಯ ತಮ್ಮ ಹಿಂದೂಪುರದ ಹಳೇ ಮನೆ ಕೆಡವಿಸಿದಾಗ ಟ್ರಂಕು ತೆರೆಯಿತು. ಹಳೆಯ ಕಾರ್ಟೂನುಗಳ ಬಗ್ಗೆ, ಅವನ್ನು ಮಾಡಿದವರ ಬಗ್ಗೆ ಡಾಕ್ಯುಮೆಂಟರಿ ತೆಗೆಯುತ್ತಿದ್ದ ಲಕ್ಷ್ಮೀಕಾಂತ್ ಸುದ್ದಿ ಕೇಳಿ ಅಲ್ಲಿಗೇ ಬಂದ. ಇಡೀ ದಿನ ಆಕೆಯನ್ನು ಮಾತಾಡಿಸಿದ, ಕೈಗೆ ಕುಂಚ ಕೊಟ್ಟು ಶೂಟ್ ಮಾಡಿದ. ಹಾಳೆಗೆ ಫ್ರೇಮು ಹಾಕಿಸುತ್ತೇನೆಂದ. ಬಣ್ಣದ ಮಗ್ಗುಲನ್ನು ಯಾರಿಗೂ ತೋರಿಸಬಾರದೆಂಬ ಹಳೇ ರೂಢಿಯಂತೆ ಆಕೆ ಹಾಳೆಯನ್ನು ಮುಖ ಮೇಲಾಗಿ ಕೊಟ್ಟಳು. ಹಿಂದೆ ನೋಡು ಎನ್ನಲಿಲ್ಲ.

ಆ ಡಾಕ್ಯುಮೆಂಟರಿಯ ಪ್ರದರ್ಶನಕ್ಕೆಂದೇ ಈಗ ಇಬ್ಬರೂ ಹಿಂದೂಪುರಕ್ಕೆ ಬಂದಿದ್ದರು. ಹಾಲ್‌ನಲ್ಲಿ ದೀಪ ಆರಿತು. ಪರದೆಯ ಮೇಲೆ ಜಯಚಂದ್ರರ ಫೋಟೋ, ಅವರ ಮೇಜು, ಅವರ ಕನ್ನಡಕ. ಆಮೇಲೆ ಎರಡು ಸುಕ್ಕುಗಟ್ಟಿದ ಕೈಗಳು ಬಣ್ಣ ತುಂಬಿದವು. ಅವುಗಳ ಮೇಲೆ ಯಾರದೋ ಗಂಭೀರ ದನಿ, ಜಯಚಂದ್ರರು ಒಬ್ಬರೇ ಈ ಕಾಗೆಗೆ ಜೀವ ಕೊಟ್ಟರೆಂದಿತು. ಕೊನೆಯ ಹೆಸರುಗಳ ಸಾಲಿನಲ್ಲಿ ಊಟ ಕೊಟ್ಟ ಹೋಟೆಲಿನ ಹೆಸರೂ ಇತ್ತು. ಆಕೆಯದಿರಲಿಲ್ಲ.

“ಟೈಮ್ ಜಾಸ್ತಿ ಆಯ್ತಮ್ಮಾ, ನಿಮ್ಮ ಮಾತೆಲ್ಲ ಎಡಿಟಿಂಗ್‌ನಲ್ಲಿ ಹೋಯ್ತು. ಏಮನುಕೋಕಂಡಿ, ತಪ್ಪು ತಿಳ್ಕೋಬೇಡಿ” ಎಂದ ಲಕ್ಷ್ಮೀಕಾಂತ್. “ಕೈ ಇದಾವಲ್ಲ.”

“ಕೈ ಯಾರ್ದಾದ್ರೂ ಆಗ್ಬೋದು” ಎಂದಳು ಗೌರಕ್ಕ.

ಬಾಗಿಲ ಪಕ್ಕ ಕಾಗೆಯ ಹಾಳೆ ಫ್ರೇಮಿನಲ್ಲಿ ತೂಗುತ್ತಿತ್ತು.

“ಅದರ ಹಿಂದೆ ನನ್ನೆಸ್ರು ಐತೆ, ಅವ್ರ ರುಜೂನೂ ಐತೆ. ತಿರುಗ್ಸಪ್ಪ.”

ಲಕ್ಷ್ಮೀಕಾಂತ್ ತಿರುಗಿಸಿದ. ಹಿಂದೆ ದಪ್ಪ ರಟ್ಟು. “ಅಲುಗಾಡಬಾರದು ಅಂತ ಪೂರ್ತಿ ಗಮ್ ಹಾಕಿಸಿದೀನಮ್ಮಾ. ಹಿಂದೆ ಏನೋ ಇದೆ ಅಂತ ನನಗೇನು ಗೊತ್ತು?”

“ಕಿತ್ತು ತೋರ್ಸಪ್ಪ, ನೋಡೇಬಿಡಾನ” ಎಂದಳು ಗೌರಕ್ಕ.

ಅವನು ಫ್ರೇಮು ಬಿಚ್ಚಿ ಮೂಲೆಯಲ್ಲಿ ಬ್ಲೇಡು ತೂರಿಸಿದ. ರೆಕ್ಕೆಯ ತುದಿಯ ಕಪ್ಪು ರಟ್ಟಿಗೇ ಅಂಟಿ ಉಳಿಯಿತು. ಹಾಳೆಯಲ್ಲಿ ಬರೀ ಗೆರೆ. ಶಿವಲಕ್ಷ್ಮಮ್ಮ ಅವನ ಮಣಿಕಟ್ಟು ಹಿಡಿದಳು.

“ಬುಡಪ್ಪ. ಎಲ್ಲಾ ಕಿತ್ತೋಯ್ತದೆ.”

ಸಾವಿರಾರು ಕಾಗೆಗಳನ್ನು ತೊಳೆದ ಕೈ ಅದು. ಇದೊಂದು ಅಳಿಸಿಹೋಗುವುದಕ್ಕೆ ಬಿಡಲಾಗಲಿಲ್ಲ.

“ನಂಗೊತ್ತಿತ್ತು, ಹೆಸ್ರು ಗಿಸ್ರು ಏನೂ ಇಲ್ಲ ಅಂತ” ಎಂದಳು ಗೌರಕ್ಕ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ಎಲ್ಲಿಗೆ ಹೋಗಿದ್ದಿರಿ ಎಂದಳು. ಗೌರಕ್ಕ ನಿಂಬೆಹಣ್ಣು ಮೂಸುತ್ತ ಹೇಳಿದಳು: “ಇವ್ಳು ನಮ್ ತಮ್ಮನ ಹೆಂಡ್ತಿ. ಸಿನಿಮಾದೋಳು. ಇವತ್ತು ನಾನೇ ಕಣ್ಣಾರೆ ನೋಡ್ದೆ.”