ಹುಲೆಪ್ಪನ ಮರಿಕೂಗು

ನನ್ನ ದೊಡ್ಡಪ್ಪ ಹುಲೆಪ್ಪ ಮಣ್ಣೂರಿನಲ್ಲಿ ಭೀಮಾ ನದಿಯ ಮೇಲೆ ಹರಗೋಲು ನಡೆಸುತ್ತಿದ್ದ. ಅವನಿಗೆ ತಲೆ ಕೆಟ್ಟಿತ್ತೆಂದು ನಮ್ಮವರೇ ಈಗಲೂ ನಗುತ್ತಾರೆ. ನಗುವವರ ಬಾಯಿಗೆ ಮಣ್ಣು ಬೀಳಲಿ! ಅವನ ಹೆಂಡತಿ, ನನ್ನ ದೊಡ್ಡವ್ವ ಮಲ್ಕಮ್ಮ, ನಡೆದದ್ದನ್ನೆಲ್ಲ ನನಗೆ ಹೇಳಿದ್ದಾಳೆ.

ರಜಾಕಾರರ ಗಲಾಟೆಗೆ ಆರೇಳು ವರ್ಷ ಮೊದಲಿನ ಮಾತು. ಬೇಸಿಗೆಯಲ್ಲಿ ನದಿ ಇಳಿದರೂ ಊರ ಕೆಳಗಿನ ಮಡುವಿನಲ್ಲಿ ಆಳ ನೀರಿರುತ್ತಿತ್ತು. ನೀರುನಾಯಿ, ಕೊಕ್ಕರೆ, ಮೊಸಳೆ ಎಲ್ಲ ಅಲ್ಲೇ. ಜಮೀನುದಾರ ದೌಲತರಾಯರು ಹೈದರಾಬಾದಿನಿಂದ ಬಂದ ನೆಂಟರು-ಮೆಹಮಾನರನ್ನು ಹರಗೋಲಿನಲ್ಲಿ ಕೂರಿಸಿ, "ಹುಲ್ಯಾ, ತೋರಸಲೇ ಇವರಿಗಿ" ಎನ್ನುತ್ತಿದ್ದರು.

ಹುಲೆಪ್ಪ ಬಾಯಿಗೆ ಅಂಗೈ ಅಡ್ಡ ಹಿಡಿದು ಗಂಟಲಿನಿಂದ "ಉಂಕ್, ಉಂಕ್" ಎಂದು ಕೂಗುತ್ತಿದ್ದ. ತತ್ತಿಯೊಡೆದ ಮೊಸಳೆಮರಿ ಮರಳಿನೊಳಗಿಂದ ತಾಯಿಯನ್ನು ಕರೆಯುವ ಕೂಗು ಅದು. ತಾಯಿ ಬಂದು ಬಗೆದು ತೆಗೆಯದಿದ್ದರೆ ಮರಿಗಳು ಅಲ್ಲೇ ಉಸಿರುಗಟ್ಟುತ್ತವೆ. ಹಾಗಾಗಿ ಮಡುವಿನ ದೊಡ್ಡ ಮೊಸಳೆ ಅವನ ಕೂಗಿಗೆ ದಡಬಡಿಸಿ ನೀರಿನಿಂದೆದ್ದು, ದಿಬ್ಬ ಹತ್ತಿ, ತತ್ತಿಯಿಟ್ಟ ಮರಳನ್ನು ಕೆದರುತ್ತಿತ್ತು. ಸ್ವಲ್ಪ ಹೊತ್ತು ಕಾದು ಮರಳಿ ನೀರಿಗಿಳಿಯುತ್ತಿತ್ತು. ಮೆಹಮಾನರು ವಾಹ್ ವಾಹ್ ಎನ್ನುತ್ತಿದ್ದರು.

"ಹಡದಾಕಿಗಿ ಸುಳ್ಳ ಕೂಗಬ್ಯಾಡ್ರಿ, ಆಕಿ ಹೊಟ್ಟಿ ಉರಸಬ್ಯಾಡ್ರಿ" ಎಂದು ಮಲ್ಕಮ್ಮ ಎಷ್ಟೋ ಸಲ ಬೇಡಿಕೊಂಡಳು.

"ಏ, ಆಕಿಗೇನ್ ತಿಳೀತೈತಿ ಬೇ" ಎಂದು ಇವನು ನಗುತ್ತಿದ್ದ. ಹೊಗಳಿದರೆ ಉಬ್ಬುವ ಮನುಷ್ಯ, ಏನು ಮಾಡುವುದು!

ಹೋಳಿ ಮುಗಿದ ಮೇಲೆ ಒಬ್ಬ ಸಾಹೇಬರು ಬಂದರು, ಜೊತೆಗೆ ಅವರ ಹೆಂಡತಿ ಸರ್ವರಬೇಗಂ. ಹೆಣ್ಣುಮಕ್ಕಳನ್ನು ಕರೆದುಕೊಂಡು ಯಾರೂ ಶಿಕಾರಿಗೆ ಬರುವುದಿಲ್ಲ ಎಂದು ಹುಲೆಪ್ಪ ನಂಬಿದ. ಕೂಗಿದ. ಮೊಸಳೆ ದಿಬ್ಬವೇರಿ ಕೆದರತೊಡಗಿತು. ಹರಗೋಲಿನಲ್ಲಿ ಹಾಸಿದ್ದ ಜಮಖಾನದ ಕೆಳಗಿನಿಂದ ಸಾಹೇಬರ ಬಂದೂಕು ಹೊರಬಂತು. "ನಕ್ಕೋ ಜೀ, ನಕ್ಕೋ!" ಬೇಡ ಬೇಡವೆಂದು ಬೇಗಂ ಗಂಡನ ತೋಳು ಹಿಡಿಯುವಷ್ಟರಲ್ಲಿ ಗುಂಡು ಹಾರಿತ್ತು. ಮೊಸಳೆ ತನ್ನ ತತ್ತಿಗಳ ಮೇಲೇ ಬಿತ್ತು.

ಅಂದು ಹುಲೆಪ್ಪ ಹೆಂಡತಿಯ ಮುಂದೆ ಗಳಗಳನೆ ಅತ್ತ. "ಮರಿ ಕೂಗಿದ ಕೂಡ್ಲೆ ನಾನೇ ಬಗದು ನೀರಿಗಿ ಬಿಡ್ತೇನಿ, ನಿನ್ನಾಣಿ" ಎಂದ. ಮುಂಚೆ ಬಗೆದರೆ ತತ್ತಿ ಕೆಡುತ್ತವೆ, ಕೂಗುವ ತನಕ ಕಾಯಲೇಬೇಕು. ಹರಗೋಲು ಬಿಟ್ಟು ದಿಬ್ಬದ ಮೇಲೆ ಗುಡಿಸಲು ಹಾಕಿ ನರಿ ನಾಯಿಗಳನ್ನು ಓಡಿಸುತ್ತ ಕುಳಿತ.

ಮೂರನೆಯ ದಿನವೇ ಅವನಿಗೆ ಕೂಗು ಕೇಳಿಸಿತು. ಓಡಿಹೋಗಿ ಗೇಣುದ್ದ ಬಗೆದ. ತತ್ತಿಗಳು ಇನ್ನೂ ಒಡೆದಿರಲಿಲ್ಲ, ಮತ್ತೆ ಮುಚ್ಚಿದ. ಮರುದಿನ ಮತ್ತೆ ಕೇಳಿಸಿತು. ಮಲ್ಕಮ್ಮ ಮರಳಿಗೆ ಕಿವಿ ಹಚ್ಚಿದಳು, ಏನೂ ಇಲ್ಲ. ಬಂಡಿಯ ಅಚ್ಚು ಕಿರುಗುಟ್ಟಿದರೆ ಉಂಕ್, ಬಾವಿಯ ಗಡಗಡಿ ತಿರುಗಿದರೆ ಉಂಕ್. ಉಣ್ಣಲು ಕೂತರೂ ಅದೇ. ಇದು ತನ್ನದೇ ದನಿ, ಸತ್ತಾಕೆ ತನಗೇ ಅದನ್ನು ಕೇಳಿಸುತ್ತಿದ್ದಾಳೆ ಎನ್ನುತ್ತಿದ್ದ ಅವನು. ಪಾಪ!

ಅಷ್ಟರಲ್ಲಿ ತನ್ನ ಹೆತ್ತವ್ವ ಹಾಸಿಗೆ ಹಿಡಿದಳೆಂದು ಮಲ್ಕಮ್ಮ ತವರು ಕೊಳಕೂರಿಗೆ ಹೋಗಬೇಕಾಯಿತು. "ದಿನ ತುಂಬ್ಯಾವ, ಕಿವಿ ಕೊಟ್ಟು ಕುಂದರ್ರಿ" ಎಂದು ಹೇಳಿ ಹೋದಳು.

ಎಂಟು ದಿನಕ್ಕೆ ತಿರುಗಿ ಬಂದಾಗ ರೋಹಿಣಿ ಮಳೆ ಒಂದು ಸುತ್ತು ಬಿದ್ದಿತ್ತು. ಹುಲೆಪ್ಪ ಗುಡಿಸಲ ಮುಂದೆ ಕುಳಿತಿದ್ದ. ಕಿವಿಯಲ್ಲಿ ಹತ್ತಿ, ಮೇಲೆ ಬಿಗಿಯಾಗಿ ಕಟ್ಟಿದ ರುಮಾಲು. ಅವಳು ಎಲ್ಲವನ್ನೂ ಕಿತ್ತು, "ಮರಿ ಕೂಗಿದ್ವೇನ್ರಿ?" ಎಂದು ಕೇಳಿದಳು.

"ದಿನಾ ಕೂಗ್ತಿದ್ದಿಲ್ಲೇನ್? ಈಗ ನಾಕೈದು ದಿನ ಭಾಳ ಜೋರು ಇತ್ತು. ಹತ್ತಿ ಇಟ್ರೂ ಬಿಡಲಿಲ್ಲ." ಅವನ ಮುಖದಲ್ಲಿ ಎರಡು ತಿಂಗಳಿಂದ ಕಾಣದ ಸಮಾಧಾನವಿತ್ತು. "ನಿನ್ನೆ ನಿಂತೈತಿ ನೋಡು. ಆಕಿ ನನ್ನ ಬಿಟ್ಟು ಹೋದಳು ಬೇ."

 ಮಲ್ಕಮ್ಮ ಮೊಣಕಾಲೂರಿ ಎರಡೂ ಕೈಯಿಂದ ಮರಳು ಬಗೆದಳು. ಹದಿನೆಂಟು ಮರಿಗಳು. ಎಲ್ಲವೂ ತತ್ತಿಯಿಂದ ಹೊರಬಿದ್ದಿದ್ದವು, ಎಲ್ಲವೂ ಮೂತಿ ಮೇಲೆ ಮಾಡಿ ಸತ್ತಿದ್ದವು.

ಹುಲೆಪ್ಪ ಒಂದನ್ನು ಅಂಗೈ ಮೇಲೆ ಎತ್ತಿಕೊಂಡು ಹೋಗಿ ಮೆಲ್ಲಗೆ ನೀರಿಗೆ ಬಿಟ್ಟ. ಅದು ಹೊಟ್ಟೆ ಮೇಲಾಗಿ ತೇಲಿತು. ತಿರುಗಿ ಬಂದು ಇನ್ನೊಂದನ್ನು ಎತ್ತಿಕೊಂಡ. ಹದಿನೆಂಟನ್ನೂ ಹಾಗೇ ಒಯ್ದು ಬಿಟ್ಟ. ದೊಡ್ಡವ್ವ ತಡೆಯಲಿಲ್ಲ.